ಶಿ ಶೆನ್, ಗಾನ್ ದ ಮತ್ತೆ ಹಳೇ ಚೀನಾದ ನಕ್ಷತ್ರ ಪಟ್ಟಿ: ಪದೇ ಪದೇ ಕೇಳೋ ಪ್ರಶ್ನೆಗಳು

ರಾತ್ರಿ ಟೆರೇಸ್ ಮೇಲೆ ನಾಲ್ಕು ಜನ ಸೇರಿ ಆಕಾಶ ನೋಡೋಕೆ ಕೂತ್ರೆ ಅರ್ಧ ಗಂಟೆ ಒಳಗೆ ಈ ಮಾತು ಬಂದೇ ಬರತ್ತೆ, ನಕ್ಷತ್ರಗಳನ್ನ ಮೊದಲು ಲೆಕ್ಕ ಹಾಕಿ ಬರೆದಿಟ್ಟೋರು ಯಾರು ಅಂತ. ಒಬ್ರು ಗ್ರೀಕರು ಅಂತಾರೆ, ಇನ್ನೊಬ್ರು ನಮ್ಮೋರೇ ಅಂತಾರೆ, ಮೊಬೈಲ್ ತೆಗೆದು ನೋಡಿದೋರು ಚೀನಾದ ಗಾನ್ ದ ಅಂತಾರೆ. ಕೊನೇ ಉತ್ತರದ ಹಿಂದೆ ಬಿದ್ದು ಸುಮಾರು ವರ್ಷಗಳಿಂದ ಓದ್ಕೊಂಡು ಬಂದಿದೀನಿ. ನನ್ನನ್ನ ಮತ್ತೆ ಮತ್ತೆ ಕೇಳಿರೋ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದೀನಿ.

ಯಾರು ಈ ಶಿ ಶೆನ್, ಗಾನ್ ದ?

ಇಬ್ರೂ ಕ್ರಿ.ಪೂ. 4ನೇ ಶತಮಾನದೋರು. ಆಗ ಚೀನಾ ಅಂತ ಒಂದೇ ದೇಶ ಇರ್ಲಿಲ್ಲ, ಏಳು ದೊಡ್ಡ ರಾಜ್ಯಗಳು ಒಂದರ ಮೇಲೊಂದು ಬಿದ್ದು ಕಾದಾಡ್ತಿದ್ದ ಕಾಲ, ಅದಕ್ಕೇ ಇತಿಹಾಸದಲ್ಲಿ ಅದನ್ನ ಕದನ ರಾಜ್ಯಗಳ ಕಾಲ ಅಂತಾರೆ. ಶಿ ಶೆನ್ ವೇಯ್ ರಾಜ್ಯದೋರು, ಗಾನ್ ದ ಚಿ ರಾಜ್ಯದೋರು, ಅಂದ್ರೆ ಇವತ್ತಿನ ಶಾನ್‌ದೊಂಗ್ ಕಡೆ. ಇಬ್ರ ಹೆಸರೂ ಸಿಮಾ ಚಿಯನ್ ಅನ್ನೋ ದೊಡ್ಡ ಇತಿಹಾಸಕಾರ ಕ್ರಿ.ಪೂ. 1ನೇ ಶತಮಾನದಲ್ಲಿ ಬರೆದ ಇತಿಹಾಸದ ಖಗೋಳ ಅಧ್ಯಾಯದಲ್ಲಿ ಬರತ್ತೆ, ಯಾವ ಯಾವ ರಾಜ್ಯದಲ್ಲಿ ಯಾರು ಆಕಾಶ ನೋಡ್ತಿದ್ರು ಅಂತ ಹೇಳ್ತಾ ಇವರನ್ನ ನೆನೆಸ್ತಾನೆ. ಆ ಸಿಮಾ ಚಿಯನ್ ಕೂಡ ಅರಮನೆಯ ಖಗೋಳ ಅಧಿಕಾರೀನೇ, ಹಾಗಾಗಿ ತನ್ನ ಕಸುಬಿನ ಹಿರಿಯರನ್ನ ನೆನೆಸ್ಕೊಂಡ ಹಾಗೆ ಅದು.

ಇಬ್ರೂ ಎಂಟೆಂಟು ಸಂಪುಟದ ಗ್ರಂಥ ಬರೆದಿದ್ರು ಅಂತ ಹಳೇ ದಾಖಲೆ ಹೇಳತ್ತೆ. ಎರಡೂ ಕಳೆದು ಹೋಗಿವೆ. ಅವರ ಹುಟ್ಟು, ಮನೆ, ಮುಖ ಯಾವುದೂ ನಮಗೆ ಸಿಕ್ಕಿಲ್ಲ, ಸಿಕ್ಕಿರೋದು ಅವರು ಮಾಡಿದ ಕೆಲಸದ ತುಣುಕು ಮಾತ್ರ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಕೆಲವರು ಗಾನ್ ಡೆ, ಗನ್ ಡೀ ಅಂತೆಲ್ಲ ಬರೀತಾರೆ. ಚೀನೀ ಉಚ್ಚಾರಕ್ಕೆ ಗಾನ್ ದ ಹತ್ರ.

ಅವರು ಖಗೋಳ ವಿಜ್ಞಾನಿಗಳಾ, ಜ್ಯೋತಿಷಿಗಳಾ?

ಎರಡೂ. ಆ ಕಾಲದಲ್ಲಿ ಇದು ಅದು ಅಂತ ಬೇರೆ ಇರ್ಲೇ ಇಲ್ಲ. ರಾಜನ್ನ ದೇವಲೋಕದ ಮಗ ಅಂತ ಕರೀತಿದ್ರು, ಆಳೋ ಹಕ್ಕು ಆಕಾಶದಿಂದ ಬಂದಿದ್ದು ಅನ್ನೋ ನಂಬಿಕೆ. ಹಾಗಿದ್ಮೇಲೆ ಆಕಾಶದಲ್ಲಿ ಏನಾದ್ರೂ ಹೊಸದು ಕಾಣಿಸ್ತು ಅಂದ್ರೆ, ಧೂಮಕೇತು ಬಂತು, ಗ್ರಹಣ ಹಿಡೀತು, ಇಲ್ಲದೇ ಇದ್ದ ಕಡೆ ನಕ್ಷತ್ರ ಹೊಳೀತು ಅಂದ್ರೆ, ಅದು ನೇರವಾಗಿ ಸಿಂಹಾಸನದ ವಿಷಯ. ಹೊಸದು ಯಾವುದು ಅಂತ ಗೊತ್ತಾಗ್ಬೇಕಾದ್ರೆ ಹಳೇದು ಯಾವ್ಯಾವುದು ಎಲ್ಲೆಲ್ಲಿದೆ ಅಂತ ಮೊದಲೇ ಬರೆದಿಟ್ಟಿರಬೇಕಲ್ಲ? ನಕ್ಷತ್ರ ಪಟ್ಟಿ ಹುಟ್ಟಿದ್ದು ಇಲ್ಲಿಂದ. ಹಾಜರಿ ಪುಸ್ತಕ ಇದ್ರೆ ತಾನೆ ಕ್ಲಾಸಿಗೆ ಹೊಸಬ ಬಂದು ಕೂತಿದಾನೆ ಅಂತ ತಿಳಿಯೋದು.

ಇದು ಎಷ್ಟು ಸೀರಿಯಸ್ ವಿಷಯ ಆಗಿತ್ತು ಅಂದ್ರೆ, ಮುಂದೆ ತಾಂಗ್ ರಾಜವಂಶದ ಕಾಲದ ಕಾನೂನಲ್ಲಿ ಖಾಸಗಿ ಮನೇಲಿ ಖಗೋಳ ಉಪಕರಣ, ಖಗೋಳದ ಪುಸ್ತಕ ಇಟ್ಕೊಂಡ್ರೆ ಎರಡು ವರ್ಷ ಕಠಿಣ ಶಿಕ್ಷೆ ಇತ್ತು. ಕ್ರಿ.ಶ. 840ರಲ್ಲಿ ಇನ್ನೊಂದು ಆಜ್ಞೆ ಬಂತು, ವೀಕ್ಷಣಾಲಯದೋರು ಬೇರೆ ಇಲಾಖೆ ಅಧಿಕಾರಿಗಳ ಜೊತೆ, ಸಾಮಾನ್ಯ ಜನರ ಜೊತೆ ಬೆರೆಯೋ ಹಾಗಿಲ್ಲ ಅಂತ.

ಒಟ್ಟು ಎಷ್ಟು ನಕ್ಷತ್ರ ಬರೆದಿಟ್ಟಿದ್ರು?

ಇಂಟರ್‌ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ನಂಬರ್ ಸಿಗತ್ತೆ, ಅದಕ್ಕೆ ಕಾರಣ ಮೂರು ಪಟ್ಟಿ ಇದ್ದಿದ್ದು. ಶಿ ಶೆನ್ ಹೆಸರಿನ ಪಟ್ಟೀಲಿ 121 ಗುಂಪು, 809 ನಕ್ಷತ್ರ. ಗಾನ್ ದ ಹೆಸರಿನದ್ರಲ್ಲಿ 118 ಗುಂಪು, 511 ನಕ್ಷತ್ರ. ಮೂರನೇದು ವು ಶಿಯನ್ ಹೆಸರಲ್ಲಿದೆ, 44 ಗುಂಪು, 144 ನಕ್ಷತ್ರ. ಈ ವು ಶಿಯನ್ ಅನ್ನೋನು ಬಹಳ ಹಳೇ ಶಾಂಗ್ ಕಾಲದ ಪುರಾಣಪುರುಷ, ಅವನ ಹೆಸರನ್ನ ಯಾವುದೋ ಒಂದು ಪರಂಪರೆಯೋರು ತಮ್ಮ ಪಟ್ಟಿಗೆ ಇಟ್ಕೊಂಡಿದ್ರು ಅಷ್ಟೇ.

ಮೂರನ್ನೂ ಕೂಡಿಸಿದ್ರೆ 283 ಗುಂಪು, 1464 ನಕ್ಷತ್ರ. ಹೀಗೆ ಕೂಡಿಸಿದೋನು ಕ್ರಿ.ಶ. 3ನೇ ಶತಮಾನದ ಚೆನ್ ಜುವೊ, ಮೊದಲು ವು ರಾಜ್ಯದಲ್ಲಿ, ಆಮೇಲೆ ಜಿನ್ ರಾಜವಂಶದಲ್ಲಿ ಖಗೋಳ ಅಧಿಕಾರಿ ಆಗಿದ್ದೋನು. ನನಗೆ ಈ ಚೆನ್ ಜುವೊ ಮೇಲೆ ಬಹಳ ಗೌರವ. ಮೂರು ಪಟ್ಟಿ ಸೇರಿಸಿ ತನ್ನ ಹೆಸರು ಹಾಕ್ಕೊಳ್ಳಬಹುದಿತ್ತು, ಹಾಗೆ ಮಾಡದೆ ಯಾವ ಗುಂಪು ಯಾರದ್ದು ಅನ್ನೋದನ್ನ ಹಾಗೇ ಉಳಿಸಿದ. 5ನೇ ಶತಮಾನದಲ್ಲಿ ಚಿಯನ್ ಲೆಜಿ ಅನ್ನೋನು ಖಗೋಳದ ಗೋಳ ಮಾಡ್ದಾಗ ಮೂವರ ನಕ್ಷತ್ರಕ್ಕೂ ಮೂರು ಬೇರೆ ಬೇರೆ ಬಣ್ಣ ಕೊಟ್ಟ, ಆ ಪದ್ಧತಿ ಮುಂದೂ ನಡೀತು. ಯಾರ ಕೆಲಸ ಯಾವುದು ಅಂತ ನೂರಾರು ವರ್ಷ ಬಣ್ಣದಲ್ಲೇ ಹೇಳ್ಕೊಂಡು ಬಂದಿದಾರೆ ನೋಡಿ.

ಬರಿಗಣ್ಣಿಗೆ ಇಡೀ ಆಕಾಶದಲ್ಲಿ, ಅಂದ್ರೆ ಉತ್ತರ ದಕ್ಷಿಣ ಎರಡೂ ಸೇರಿ, ಸುಮಾರು 6000 ನಕ್ಷತ್ರ ಕಾಣತ್ತೆ. ಉತ್ತರ ಚೀನಾದಿಂದ ದಕ್ಷಿಣದ ತುದಿ ಕಾಣೋದೇ ಇಲ್ಲ. ಅದನ್ನ ಲೆಕ್ಕಕ್ಕೆ ತಗೊಂಡ್ರೆ 1464 ಸಣ್ಣ ನಂಬರ್ ಅಲ್ಲ.

ಎಲ್ಲಾ 1464ಕ್ಕೂ ಅಳತೆ ಇತ್ತಾ?

ಇಲ್ಲ. ಡಿಗ್ರಿ ಲೆಕ್ಕದಲ್ಲಿ ಜಾಗ ಹೇಳಿರೋದು ಶಿ ಶೆನ್ ಪಟ್ಟೀಲಿ ಸುಮಾರು 120 ನಕ್ಷತ್ರಕ್ಕೆ ಮಾತ್ರ, ಗುಂಪಿಗೆ ಒಂದರ ಹಾಗೆ. ಮಿಕ್ಕಿದ್ದಕ್ಕೆ ಇದು ಅದರ ಉತ್ತರಕ್ಕಿದೆ, ಇದರ ಪಕ್ಕ ಎರಡಿವೆ, ಹೀಗೆ ಮಾತಲ್ಲಿ ಗುರುತು.

ದುರ್ಬೀನು ಇಲ್ಲದೆ ಹೇಗಪ್ಪಾ ಅಳೆದ್ರು?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟ ಆಗೋ ಭಾಗ ಇದೇ.

ಒಂದು ವೃತ್ತಕ್ಕೆ 360 ಡಿಗ್ರಿ ಅಂತ ನಾವು ಸ್ಕೂಲಲ್ಲಿ ಕಲ್ತಿದೀವಿ. ಚೀನಾದಲ್ಲಿ ವೃತ್ತಕ್ಕೆ 365 ಕಾಲು. ಯಾಕೆ ಅಂದ್ರೆ ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು ಬರೋಕೆ 365 ಕಾಲು ದಿನ ಬೇಕು, ಹಾಗಾಗಿ ಸೂರ್ಯ ಒಂದು ದಿನಕ್ಕೆ ಎಷ್ಟು ಸರಿತಾನೋ ಅದೇ ಒಂದು ಅಳತೆ, ಅದರ ಹೆಸರು ದು. ನಮ್ಮ ಒಂದು ಡಿಗ್ರಿಗಿಂತ ಒಂಚೂರು ಕಮ್ಮಿ. ಲೆಕ್ಕ ಮಾಡೋಕೆ ಕಷ್ಟ ನಿಜ, ಆದ್ರೆ ಕ್ಯಾಲೆಂಡರ್ ಮತ್ತೆ ಆಕಾಶ ಎರಡೂ ಒಂದೇ ಸ್ಕೇಲ್ ಮೇಲೆ ಕೂತ್ಕೊಳತ್ತೆ.

ಒಂದು ನಕ್ಷತ್ರದ ಜಾಗ ಹೇಳೋಕೆ ಎರಡು ನಂಬರ್. ಒಂದು, ಉತ್ತರ ಧ್ರುವದಿಂದ ಅದು ಎಷ್ಟು ದು ದೂರ. ಇನ್ನೊಂದು, ಅದು ಯಾವ ಮನೆಯೊಳಗೆ ಎಷ್ಟು ದು ಹೋಗಿ ಕೂತಿದೆ. ಮನೆ ಅಂದ್ರೆ ಆಕಾಶದ ಸುತ್ತ ಇರೋ 28 ವಿಭಾಗ, ಚೀನೀಲಿ ಶಿಯು ಅಂತಾರೆ. ಪ್ರತಿ ಮನೆಯ ಬಾಗಿಲಲ್ಲೂ ಒಂದು ಗುರುತಿನ ನಕ್ಷತ್ರ ಇರತ್ತೆ, ಅಲ್ಲಿಂದ ಪೂರ್ವಕ್ಕೆ ಎಣಿಸೋದು. ಮೊದಲನೇ ಮನೆ ಜಿಯಾವೊ, ಅದರ ಬಾಗಿಲ ನಕ್ಷತ್ರ ನಮ್ಮ ಚಿತ್ತಾ ನಕ್ಷತ್ರ. ಹಾಗಾಗಿ ಜಿಯಾವೊ ಒಳಗೆ 5 ದು ಅಂದ್ರೆ ಚಿತ್ತೆಯಿಂದ ಪೂರ್ವಕ್ಕೆ 5 ದು.

ಇದರ ಮಹತ್ವ ಏನು ಅಂದ್ರೆ, ಗ್ರೀಕರು ಅಳೆದಿದ್ದು ಹೆಚ್ಚಾಗಿ ಸೂರ್ಯನ ದಾರಿಯನ್ನ ಆಧಾರ ಮಾಡ್ಕೊಂಡು. ಚೀನಿಯರು ಅಳೆದಿದ್ದು ಧ್ರುವ ಮತ್ತೆ ಆಕಾಶದ ಸಮಭಾಜಕ ವೃತ್ತ ಇಟ್ಕೊಂಡು. ಇವತ್ತು ಜಗತ್ತಿನ ಎಲ್ಲಾ ವೀಕ್ಷಣಾಲಯಗಳು ದೂರದರ್ಶಕ ತಿರುಗಿಸೋಕೆ ಬಳಸೋದು ಈ ಎರಡನೇ ಪದ್ಧತಿಯದೇ ರೂಪ. ರಾತ್ರಿ ಇಡೀ ಆಕಾಶ ಧ್ರುವದ ಸುತ್ತ ತಿರುಗತ್ತಲ್ವಾ, ತಿರುಗೋ ಅಚ್ಚನ್ನೇ ಆಧಾರ ಮಾಡ್ಕೊಂಡ್ರೆ ಅಳತೆ ಸುಲಭ. ಸಪ್ತರ್ಷಿ ಮಂಡಲ ಅವರಿಗೆ ಸದಾ ಮುಳುಗದೆ ಕಾಣ್ತಿತ್ತು, ಉತ್ತರದ ದೇಶ ಆದ್ರಿಂದ ಧ್ರುವ ಸಾಕಷ್ಟು ಎತ್ತರದಲ್ಲಿತ್ತು, ಕಣ್ಣು ಅಲ್ಲೇ ನೆಟ್ಟಿದ್ದು ಸಹಜ.

ಉಪಕರಣ ಅಂದ್ರೆ ನೆಟ್ಟಗೆ ನಿಲ್ಲಿಸಿದ ನೆರಳಿನ ಕಂಬ, ನೀರಿನ ಗಡಿಯಾರ, ನೋಡೋಕೆ ಒಂದು ಕೊಳವೆ, ಆಮೇಲಾಮೇಲೆ ಬಳೆಗಳ ಒಳಗೆ ಬಳೆ ಸೇರಿಸಿ ಮಾಡಿದ ಗೋಳಯಂತ್ರ. ಕೊಳವೇಲಿ ಗಾಜಿಲ್ಲ, ಅಕ್ಕಪಕ್ಕದ ಬೆಳಕು ಕಣ್ಣಿಗೆ ಬೀಳದ ಹಾಗೆ ತಡೆಯೋದಷ್ಟೇ ಅದರ ಕೆಲಸ.

ಆ ಅಳತೆಗಳು ನಿಜವಾಗ್ಲೂ ಕ್ರಿ.ಪೂ. 4ನೇ ಶತಮಾನದ್ದಾ?

ಇದಕ್ಕೆ ಉತ್ತರ ಆ ನಂಬರ್‌ಗಳ ಒಳಗೇ ಇದೆ. ಭೂಮಿಯ ಅಚ್ಚು ಬುಗುರಿ ಹಾಗೆ ನಿಧಾನಕ್ಕೆ ಓಲಾಡತ್ತೆ, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಲೆಕ್ಕದಲ್ಲಿ. ಇದಕ್ಕೆ ನಮ್ಮಲ್ಲಿ ಅಯನಚಲನ ಅಂತಾರೆ. ಅಚ್ಚು ಸರಿದ್ರೆ ಧ್ರುವ ಸರಿಯತ್ತೆ, ಧ್ರುವದಿಂದ ಅಳೆದ ದೂರಾನೂ ಬದಲಾಗತ್ತೆ, ಅಂದ್ರೆ ಹಳೇ ಅಳತೆ ಸಿಕ್ಕಿದ್ರೆ ಅದನ್ನ ಯಾವಾಗ ತಗೊಂಡಿದ್ದು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು.

ಚಿತ್ತೆಯನ್ನೇ ತಗೊಳ್ಳೋಣ. ಹಳೇ ಪಟ್ಟೀಲಿ ಅದು ಧ್ರುವದಿಂದ 91 ದು ಅಂತ ಇದೆ, ನಮ್ಮ ಲೆಕ್ಕದಲ್ಲಿ 89.7 ಡಿಗ್ರಿ, ಹೆಚ್ಚೂಕಮ್ಮಿ ಸಮಭಾಜಕದ ಮೇಲೇ ಕೂತಿದೆ. ತಾಂಗ್ ಕಾಲದಲ್ಲಿ ಯಿ ಶಿಂಗ್ ಅನ್ನೋ ಬೌದ್ಧ ಭಿಕ್ಷು ಮತ್ತೆ ಅಳೆಸಿದಾಗ 93 ಅರ್ಧ ದು ಬಂತು. ಇವತ್ತು ಅದು ಸುಮಾರು 101 ಡಿಗ್ರಿ. ಹೀಗೆ ಸರಿಯೋ ವೇಗ ಇಟ್ಕೊಂಡು ನೋಡಿದ್ರೆ ಆ 91 ದು ಚೆನ್ನಾಗಿ ಹೊಂದೋದು ಕ್ರಿ.ಪೂ. 1ನೇ ಶತಮಾನದ ಹತ್ರ, 4ನೇ ಶತಮಾನದಲ್ಲಾಗಿದ್ರೆ ಒಂದೂವರೆ ದು ಕಮ್ಮಿ ಬರಬೇಕಿತ್ತು. ಒಂದೇ ನಕ್ಷತ್ರ ನೋಡಿ ತೀರ್ಮಾನ ಮಾಡೋಕಾಗಲ್ಲ, ಅಳತೆಯ ತಪ್ಪೇ ಒಂದು ದು ಇರಬಹುದು. ಅದಕ್ಕೆ ವಿದ್ವಾಂಸರು ಅಷ್ಟೂ ನಕ್ಷತ್ರಗಳನ್ನ ಒಟ್ಟಿಗೆ ಲೆಕ್ಕ ಹಾಕಿದಾರೆ, ಹಾನ್ ರಾಜವಂಶದ ಕಾಲದಲ್ಲಿ, ಕ್ರಿ.ಪೂ. 1ನೇ ಶತಮಾನದ ಸುಮಾರಿಗೆ, ಮತ್ತೆ ಅಳೆದ ನಂಬರ್‌ಗಳು ಅನ್ನೋ ಕಡೆಗೆ ಬಹಳ ಜನ ವಾಲ್ತಾರೆ. ಕೆಲವು ಅಳತೆ ಹಳೇ ಕಾಲದ್ದೇ ಅಂತ ವಾದಿಸೋರೂ ಇದಾರೆ.

ನನ್ನ ಅಭಿಪ್ರಾಯ ಕೇಳಿದ್ರೆ, ಇದ್ರಿಂದ ಶಿ ಶೆನ್ ಚಿಕ್ಕೋನಾಗಲ್ಲ. ಗುರು ಹಾಕಿದ ದಾರೀಲಿ ಶಿಷ್ಯರು ಹೊಸ ಉಪಕರಣ ಇಟ್ಕೊಂಡು ನಂಬರ್ ತಿದ್ದಿ, ಗುರುವಿನ ಹೆಸರಲ್ಲೇ ಮುಂದುವರಿಸಿದಾರೆ ಅಂತ ನನಗನಿಸತ್ತೆ. ನಮ್ಮಲ್ಲಿ ಘರಾಣೆಗಳ ಸಂಗೀತ ಬಂದಿರೋದೂ ಹಾಗೇ ಅಲ್ವಾ.

ಹಾಗಾದ್ರೆ ಜಗತ್ತಿನ ಮೊದಲ ನಕ್ಷತ್ರ ಪಟ್ಟಿ ಇದು ಅನ್ನಬಹುದಾ ಬೇಡ್ವಾ?

ಹುಷಾರಾಗಿ ಹೇಳಬೇಕು. ಬ್ಯಾಬಿಲೋನಿನಲ್ಲಿ ಇದಕ್ಕೂ ಹಳೇ ನಕ್ಷತ್ರಗಳ ಪಟ್ಟಿ ಮಣ್ಣಿನ ಹಲಗೆ ಮೇಲೆ ಸಿಕ್ಕಿದೆ. ಗ್ರೀಕರ ಹಿಪ್ಪಾರ್ಕಸ್ ಕ್ರಿ.ಪೂ. 2ನೇ ಶತಮಾನದಲ್ಲಿ ಅಳತೆ ಸಮೇತ ಪಟ್ಟಿ ಮಾಡಿದ, ಅದೂ ಕಳೆದು ಹೋಗಿ, 2022ರಲ್ಲಿ ಹಳೇ ಚರ್ಮದ ಹಾಳೆಯಲ್ಲಿ, ಅದನ್ನ ಅಳಿಸಿ ಮೇಲೆ ಬರೆದಿದ್ದ ಬೇರೆ ಬರಹದಡಿ, ಅದರ ತುಣುಕು ಸಿಕ್ತು. ಶಿ ಶೆನ್, ಗಾನ್ ದ ಹೆಸರು ಈ ಸಾಲಿನಲ್ಲಿ ಬಹಳ ಮುಂದೆ ಇರತ್ತೆ, ಇದ್ರಲ್ಲಿ ಅನುಮಾನ ಇಲ್ಲ. ಮೊದಲ ಬಹುಮಾನ ಯಾರಿಗೆ ಅಂತ ಜಗಳ ಆಡೋದ್ರಲ್ಲಿ ನನಗೆ ಆಸಕ್ತಿ ಇಲ್ಲ.

ಪುಸ್ತಕಾನೇ ಕಳೆದು ಹೋಗಿದೆ ಅಂತೀರಿ, ಮತ್ತೆ ಇಷ್ಟೆಲ್ಲ ಹೇಗೆ ಗೊತ್ತಾಯ್ತು?

ಕೈ ಜೋಡಿಸ್ಬೇಕಾದ ವಿಷಯ ಇದು. ಉಳಿಸಿಕೊಟ್ಟೋರು ಒಂದು ಭಾರತೀಯ ಮೂಲದ ಮನೆತನ.

ತಾಂಗ್ ರಾಜಧಾನಿ ಚಾಂಗ್‌ಆನ್‌ನಲ್ಲಿ, ಇವತ್ತಿನ ಶಿಯಾನ್, ಗೌತಮ ಅನ್ನೋ ಮನೆತನ ತಲೆಮಾರುಗಳಿಂದ ಖಗೋಳ ಇಲಾಖೇಲಿ ಕೆಲಸ ಮಾಡ್ತಿತ್ತು. ಚೀನೀಯರ ಬಾಯಲ್ಲಿ ಗೌತಮ ಚುತಾನ್ ಆಯ್ತು. ಅವರಲ್ಲಿ ಗೌತಮ ಸಿದ್ಧ, ಚೀನೀಲಿ ಚುತಾನ್ ಶಿದಾ, ಖಗೋಳ ಇಲಾಖೆಯ ಮುಖ್ಯಸ್ಥ ಆಗಿದ್ದ. ಚಕ್ರವರ್ತಿ ಶುವಾನ್‌ಜೊಂಗ್ ಆಳ್ವಿಕೇಲಿ, ಸುಮಾರು 714ರಿಂದ 724ರ ನಡುವೆ, ಅವನು ಕೈಯುವಾನ್ ಝಾನ್‌ಜಿಂಗ್ ಅನ್ನೋ 120 ಸಂಪುಟದ ಬೃಹತ್ ಸಂಕಲನ ಮಾಡಿಸ್ದ. ಅರಮನೆ ಭಂಡಾರದಲ್ಲಿದ್ದ ಹಳೇ ಖಗೋಳ ಗ್ರಂಥಗಳಿಂದ ಸಾಲು ಸಾಲೇ ಎತ್ತಿ, ಇದು ಶಿ ಹೇಳಿದ್ದು, ಇದು ಗಾನ್ ಹೇಳಿದ್ದು ಅಂತ ಹೆಸರು ಸಮೇತ ಬರೆಸಿದ್ದಾನೆ. ಇವತ್ತು ಶಿ ಶೆನ್ ಪಟ್ಟಿ ಅಂತ ನಾವು ಏನು ಓದ್ತೀವೋ ಅದರ ಬಹುಪಾಲು ಇಲ್ಲಿಂದಲೇ ಹೆಕ್ಕಿದ್ದು.

ಅದೇ ಪುಸ್ತಕದಲ್ಲಿ ಅವನು 718ರಲ್ಲಿ ಭಾರತೀಯ ಮೂಲದಿಂದ ಅನುವಾದಿಸಿದ ನವಗ್ರಹ ಪಂಚಾಂಗಾನೂ ಇದೆ. ಅದ್ರಲ್ಲಿ ನಮ್ಮ ಜ್ಯಾ ಕೋಷ್ಟಕ, ಅಂದ್ರೆ ಸೈನ್ ಟೇಬಲ್, ಇದೆ, ಖಾಲಿ ಸ್ಥಾನದಲ್ಲಿ ಚುಕ್ಕೆ ಇಡೋ ಸೊನ್ನೆಯ ಪದ್ಧತೀನೂ ಇದೆ. ಚೀನಾದ ಲೆಕ್ಕಿಗರು ಕಡ್ಡಿ ಜೋಡಿಸಿ ಎಣಿಸೋ ತಮ್ಮ ಪದ್ಧತೀನೇ ಸಾಕು ಅಂತ ಅದನ್ನ ತಗೊಳ್ಳಲಿಲ್ಲ. ಇನ್ನೊಂದು ವಿಷಯಾನೂ ಹೇಳ್ಬೇಕು. 733ರಲ್ಲಿ ಇದೇ ಮನೆತನದ ಚುತಾನ್ ಝುವಾನ್, ಯಿ ಶಿಂಗ್ ಮಾಡಿದ ಪಂಚಾಂಗ ನಮ್ಮ ನವಗ್ರಹ ಪದ್ಧತಿಯ ಅರೆಬರೆ ನಕಲು ಅಂತ ದೂರು ಕೊಟ್ಟ. ವೀಕ್ಷಣಾಲಯದ ದಾಖಲೆ ಜೊತೆ ಹೋಲಿಸಿ ನೋಡಿದ್ರೆ ಯಿ ಶಿಂಗನದು ಹತ್ತಕ್ಕೆ ಏಳೆಂಟು ಸರಿ, ನವಗ್ರಹದ್ದು ಹತ್ತಕ್ಕೆ ಒಂದೆರಡು ಸರಿ. ದೂರು ಬಿದ್ದು ಹೋಯ್ತು. ಭಾರತದ ಹೆಸರು ಬಂತು ಅಂತ ಬರೀ ಹೊಗಳೋದು ಸರಿಯಲ್ಲ, ಅದಕ್ಕೆ ಇದನ್ನೂ ಹೇಳ್ದೆ. ಆ ಝುವಾನ್‌ನ ಸಮಾಧಿ 1977ರಲ್ಲಿ ಶಿಯಾನ್ ಹತ್ರ ಸಿಕ್ಕಿದೆ, ಅಲ್ಲಿನ ಕಲ್ಲಿನ ಬರಹದಲ್ಲಿ ಮನೆತನದ ಮೂಲ ಮಧ್ಯ ಭಾರತ ಅಂತ ಇದೆ.

ಕತೆ ಇಲ್ಲಿಗೂ ಮುಗೀಲಿಲ್ಲ. ಅರಮನೆ ಒಳಗೇ ಇದ್ದ ಗ್ರಂಥ ಆದ್ರಿಂದ ನಕಲು ಕಮ್ಮಿ, ಮುಂದೆ ಅದೂ ಕಣ್ಮರೆ ಆಯ್ತು. 1616ರಲ್ಲಿ ಚೆಂಗ್ ಮಿಂಗ್‌ಶಾನ್ ಅನ್ನೋರಿಗೆ ಒಂದು ಹಳೇ ಬುದ್ಧನ ವಿಗ್ರಹದ ಹೊಟ್ಟೆಯೊಳಗೆ ಸಿಕ್ತು! ಯಾರೋ ಪುಣ್ಯಾತ್ಮರು ಅಲ್ಲಿಟ್ಟಿದ್ರು. ಅದು ಸಿಗದೇ ಹೋಗಿದ್ರೆ ಶಿ ಶೆನ್ ನಮಗೆ ಬರೀ ಒಂದು ಹೆಸರಾಗಿ ಉಳೀತಿದ್ದ.

ಅವರ 28 ಮನೆ, ನಮ್ಮ 27 ನಕ್ಷತ್ರ, ಎರಡೂ ಒಂದೇನಾ?

ಒಂದೇ ಅಲ್ಲ, ಆದ್ರೆ ನೆಂಟಸ್ತನ ಇರೋ ಹಾಗೆ ಕಾಣತ್ತೆ. ನಮ್ಮಲ್ಲೂ ಅಭಿಜಿತ್ ಸೇರಿಸಿದ್ರೆ 28. ನಮ್ಮ ಕೃತ್ತಿಕೆ ಅವರ ಮಾವೊ, ನಮ್ಮ ಜ್ಯೇಷ್ಠೆ ಇರೋದು ಅವರ ಶಿನ್ ಮನೇಲಿ, ಶಿನ್ ಅಂದ್ರೆ ಹೃದಯ. ನಮ್ಮ ಮೂಲಾ ಇರೋ ವೃಶ್ಚಿಕದ ಬಾಲವೇ ಅವರ ವೇಯ್, ಅಂದ್ರೂ ಬಾಲಾನೇ, ಆದ್ರೆ ಅವರಿಗದು ಡ್ರಾಗನ್ ಬಾಲ. ಚಿತ್ತೆ ಅವರಿಗೆ ಡ್ರಾಗನ್ನಿನ ಕೊಂಬು.

ಚಂದ್ರ ದಿನಕ್ಕೊಂದು ಮನೇಲಿ ತಂಗ್ತಾನೆ ಅನ್ನೋ ಕಲ್ಪನೆ ಎರಡೂ ಕಡೆ ಇದೆ. ವ್ಯತ್ಯಾಸ ಎಲ್ಲಿ ಅಂದ್ರೆ, ನಮ್ಮ ಪಂಚಾಂಗದಲ್ಲಿ ಪ್ರತಿ ನಕ್ಷತ್ರಕ್ಕೂ ಸಮ ಪಾಲು, 13 ಡಿಗ್ರಿ 20 ಕಲೆ. ಹಾಗಾಗೇ ನಮ್ಮ ಹಳ್ಳಿ ಕಡೆ ಮಳೆ ಲೆಕ್ಕ ಹಾಕೋವಾಗ ರೋಹಿಣಿ ಮಳೆ, ಆರಿದ್ರಾ ಮಳೆ, ಮಗೆ ಮಳೆ ಎಲ್ಲಾದಕ್ಕೂ ಹದಿಮೂರು ಹದಿನಾಲ್ಕು ದಿನ ಬರೋದು, ಸೂರ್ಯ ಆ ಪಾಲು ದಾಟೋಕೆ ಅಷ್ಟು ದಿನ ಬೇಕು. ಚೀನಾದ ಮನೆಗಳು ಒಂದು ದೊಡ್ಡದು ಒಂದು ಚಿಕ್ಕದು. ಜಿಯಾವೊ 12 ದು, ಕಾಂಗ್ 9, ದಿ 15. ಮಿಥುನ ರಾಶಿ ಕಡೆ ಇರೋ ಜಿಂಗ್ ಬರೋಬ್ಬರಿ 33 ದು, ನಮ್ಮ ಮೃಗಶಿರ ಇರೋ ಜ್ವೇಯ್ ಬರೀ 2 ದು. ಯಾಕಂದ್ರೆ ಅವರಿಗೆ ಮನೆ ಗೋಡೆ ಇರೋದು ನಿಜವಾದ ನಕ್ಷತ್ರ ಎಲ್ಲಿದೆಯೋ ಅಲ್ಲೇ.

ಯಾರಿಂದ ಯಾರಿಗೆ ಹೋಯ್ತು ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಚೀನಾದ ಕಡೆ ಇರೋ ಗಟ್ಟಿ ಸಾಕ್ಷಿ ಒಂದು ಅರಗಿನ ಬಣ್ಣ ಬಳಿದ ಮರದ ಪೆಟ್ಟಿಗೆ. ಹುಬೇಯ್ ಪ್ರಾಂತ್ಯದ ಸುಯ್‌ಜೌನಲ್ಲಿ 1978ರಲ್ಲಿ ಜ್ಸೆಂಗ್ ಅನ್ನೋ ಪುಟ್ಟ ರಾಜ್ಯದ ದೊರೆ ಯಿ ಎಂಬೋನ ಸಮಾಧಿ ಅಗೆದಾಗ ಸಿಕ್ಕಿದ್ದು, ಕಾಲ ಸುಮಾರು ಕ್ರಿ.ಪೂ. 433. ಮುಚ್ಚಳದ ಮೇಲೆ ನಡುವೆ ಸಪ್ತರ್ಷಿಯ ಹೆಸರು ದೊಡ್ಡದಾಗಿ, ಸುತ್ತ 28 ಮನೆಗಳ ಹೆಸರು, ಒಂದು ಕಡೆ ಡ್ರಾಗನ್ ಇನ್ನೊಂದು ಕಡೆ ಹುಲಿ. ಶಿ ಶೆನ್ ಹುಟ್ಟೋಕೂ ಮುಂಚಿನದು! ಅಂದ್ರೆ ಅವನು ಗೆರೆ ಎಳೆದಿದ್ದು ಮೊದಲೇ ಇದ್ದ ಮನೆಗಳ ಒಳಗೆ.

ನಕ್ಷತ್ರಗಳಿಗೆ ಏನಂತ ಹೆಸರಿಟ್ಟಿದ್ರು?

ಇಡೀ ಸಾಮ್ರಾಜ್ಯಾನೇ ಮೇಲೆ ಏರಿಸಿದ್ರು. ಧ್ರುವದ ಸುತ್ತ ಅರಮನೆ, ಅಲ್ಲಿ ಚಕ್ರವರ್ತಿ, ಯುವರಾಜ, ರಾಣಿಯರು, ಮಂತ್ರಿಗಳು. ಆಚೆ ಇನ್ನೊಂದು ಕಡೆ ಸಂತೆ, ಧಾನ್ಯದ ಕಣಜ, ಅಡುಗೆ ಮನೆ, ಸೆರೆಮನೆ. ಮೊಲ ಅಂತ ನಾವು ಕರೆಯೋ ಪುಂಜದ ಕಡೆ ಒಂದು ಕಕ್ಕಸು ಮನೇನೂ ಇದೆ, ಅದರ ಕೆಳಗೆ ಒಂದೇ ನಕ್ಷತ್ರಕ್ಕೆ ಅದರ ತಕ್ಕ ಹೆಸರು. ಮಕ್ಕಳಿಗೆ ಇದನ್ನ ಹೇಳಿದ್ರೆ ಆ ಜಾಗ ಜನ್ಮದಲ್ಲಿ ಮರೆಯಲ್ಲ.

ಬೀಜಿಂಗಿನ ಅರಮನೆಗೆ ಚೀನೀಲಿ ನೇರಳೆ ನಿಷಿದ್ಧ ನಗರ ಅಂತ ಹೆಸರಿರೋದು ಧ್ರುವದ ಸುತ್ತಲಿನ ಈ ನೇರಳೆ ಅರಮನೆಯಿಂದಲೇ.

ನಮ್ಮ ಅಭಿಜಿತ್ ಅವರಿಗೆ ನೇಯುವ ಹುಡುಗಿ, ನಮ್ಮ ಶ್ರವಣ ಅವರಿಗೆ ದನ ಕಾಯೋ ಹುಡುಗ, ನಡುವೆ ಆಕಾಶಗಂಗೆ ಅಡ್ಡ, ವರ್ಷಕ್ಕೊಂದೇ ರಾತ್ರಿ, ಏಳನೇ ತಿಂಗಳ ಏಳನೇ ದಿನ, ಇಬ್ರೂ ಸೇರ್ತಾರೆ. ಇನ್ನು ಲುಬ್ಧಕ ನಮಗೆ ಬೇಟೆಗಾರ, ಅವರಿಗೆ ತೋಳ, ಪಕ್ಕದಲ್ಲೇ ಬಿಲ್ಲುಬಾಣ ಅದಕ್ಕೆ ಗುರಿ ಇಟ್ಟಿದೆ.

ಗಾನ್ ದ ಗುರುಗ್ರಹದ ಚಂದ್ರನನ್ನ ಬರಿಗಣ್ಣಲ್ಲಿ ನೋಡಿದ್ದ ಅಂತಾರಲ್ಲ, ನಿಜಾನಾ?

1981ರಲ್ಲಿ ಶಿ ಜ್ಸೆಝೊಂಗ್ ಅನ್ನೋ ಚೀನೀ ಖಗೋಳ ಇತಿಹಾಸಕಾರರು ಎತ್ತಿದ ಮಾತಿದು. ಆ ಗೌತಮ ಸಿದ್ಧನ ಸಂಕಲನದಲ್ಲೇ ಗಾನ್ ದ ಹೆಸರಲ್ಲಿ ಒಂದು ಸಾಲಿದೆ, ಗುರು ದೊಡ್ಡದಾಗಿ ಹೊಳೀತಿತ್ತು, ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಕೆಂಪಗಿನ ಚಿಕ್ಕ ನಕ್ಷತ್ರ ಇತ್ತು ಅಂತ. ಅವರು ಲೆಕ್ಕ ಹಾಕಿ ಇದು ಕ್ರಿ.ಪೂ. 364ರ ಬೇಸಿಗೆ, ಕಂಡಿದ್ದು ಗ್ಯಾನಿಮೀಡ್ ಅಂದ್ರು. ಗೆಲಿಲಿಯೊ ದೂರದರ್ಶಕದಲ್ಲಿ ನೋಡಿದ್ದು 1610ರಲ್ಲಿ, ಅಂದ್ರೆ ಸುಮಾರು ಎರಡು ಸಾವಿರ ವರ್ಷ ಮುಂಚೆ.

ಸಾಧ್ಯಾನಾ ಅಂದ್ರೆ, ಗ್ಯಾನಿಮೀಡ್ ಬೆಳಕು ಬರಿಗಣ್ಣಿಗೆ ಸಾಕಾಗುವಷ್ಟಿದೆ, ತೊಂದರೆ ಮಾಡೋದು ಗುರುವಿನ ಹೊಳಪು. ಗುರುವನ್ನ ಮರದ ಕೊಂಬೆನೋ ಮಾಡಿನ ಅಂಚೋ ಮರೆ ಮಾಡಿ ಒಳ್ಳೆ ಕತ್ತಲಲ್ಲಿ ನೋಡಿದ್ರೆ ಚುರುಕು ಕಣ್ಣಿನೋರಿಗೆ ಕಾಣಬಹುದು. ಕೆಂಪು ಅನ್ನೋ ಮಾತು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ, ಅಷ್ಟು ಮಂಕು ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯೋದು ಕಷ್ಟ. ಪಕ್ಕದಲ್ಲಿದ್ದ ಬೇರೆ ಯಾವುದೋ ನಕ್ಷತ್ರ ಆಗಿರಬಹುದು ಅನ್ನೋರೂ ಇದಾರೆ. ಹಾಗಾಗಿ ಸಾಬೀತಾಗಿದೆ ಅಂತ ಬರೆದು ಫಾರ್ವರ್ಡ್ ಮಾಡ್ಬೇಡಿ.

ಗ್ರಹಗಳ ಲೆಕ್ಕ ಎಷ್ಟು ಕರಾರುವಾಕ್ ಇತ್ತು?

ಚಾಂಗ್‌ಶಾ ಹತ್ರ ಮಾವಾಂಗ್‌ದುಯ್ ಅನ್ನೋ ಕಡೆ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯಿಂದ 1973ರಲ್ಲಿ ರೇಷ್ಮೆ ಬಟ್ಟೆ ಮೇಲಿನ ಬರಹಗಳು ಸಿಕ್ವು. ಒಂದರಲ್ಲಿ ಕ್ರಿ.ಪೂ. 246ರಿಂದ 177ರವರೆಗೆ ಗ್ರಹಗಳು ಎಲ್ಲಿದ್ವು ಅಂತ ಇದೆ. ಶುಕ್ರ ಸೂರ್ಯನಿಂದ ಹೊರಟು ಮತ್ತೆ ಅದೇ ಸ್ಥಿತಿಗೆ ಬರೋಕೆ 584.4 ದಿನ ಅಂತ ಬರೆದಿದಾರೆ, ಇವತ್ತಿನ ಲೆಕ್ಕ 583.92. ಅರ್ಧ ದಿನದ ವ್ಯತ್ಯಾಸ! ಶನಿಗೆ 377 ಅಂದಿದಾರೆ, ಸರಿಯಾದದ್ದು 378. ಅಲ್ಲೇ ಇನ್ನೊಂದು ಬಟ್ಟೇಲಿ 29 ಧೂಮಕೇತುಗಳ ಚಿತ್ರ ಇದೆ, ಬಾಲದ ಆಕಾರ ನೋಡಿ ಒಂದೊಂದಕ್ಕೂ ಬೇರೆ ಹೆಸರು.

ಜಾಂಗ್ ಹೆಂಗ್ ಅನ್ನೋರೂ ಇದೇ ಕೆಲಸ ಮಾಡಿದ್ರಾ?

ಹೌದು, ನಾಲ್ಕು ನೂರಕ್ಕೂ ಹೆಚ್ಚು ವರ್ಷ ಆದ್ಮೇಲೆ. ಕ್ರಿ.ಶ. 78ರಿಂದ 139, ಹಾನ್ ರಾಜವಂಶದ ಖಗೋಳ ಅಧಿಕಾರಿ, ಭೂಕಂಪ ತಿಳಿಸೋ ಯಂತ್ರ ಮಾಡಿದೋನು ಅಂತ ಬಹಳ ಜನಕ್ಕೆ ಗೊತ್ತು. ನಕ್ಷತ್ರಗಳ ಬಗ್ಗೆ ಅವನು ಬರೆದಿದ್ದು: ಸದಾ ಹೊಳೆಯೋ ಗುಂಪು 124, ಹೆಸರಿರೋವು 320, ಒಟ್ಟು 2500, ಇದ್ರಲ್ಲಿ ಸಮುದ್ರದ ನಾವಿಕರು ನೋಡಿರೋದು ಸೇರಿಲ್ಲ ಅಂತ. ಆ ಕೊನೇ ಮಾತು ನೋಡಿ, ದಕ್ಷಿಣಕ್ಕೆ ಹೋದೋರಿಗೆ ಬೇರೆ ನಕ್ಷತ್ರ ಕಾಣತ್ತೆ ಅಂತ ಅವನಿಗೆ ಗೊತ್ತಿತ್ತು. ಅವನ ಪಟ್ಟಿ ಉಳಿದಿಲ್ಲ, ಉಳಿದಿದ್ರೆ ಈ ಪುಟದ ಹೆಡ್ಡಿಂಗೇ ಬೇರೆ ಇರ್ತಿತ್ತು.

ಆ ಕಾಲದ ನಕ್ಷೆ ಏನಾದ್ರೂ ಕಣ್ಣಾರೆ ನೋಡೋಕೆ ಸಿಗತ್ತಾ?

ಪೂರ್ತಿ ಆಕಾಶ ತೋರಿಸೋ ಜಗತ್ತಿನ ಬಹಳ ಹಳೇ ನಕ್ಷೆ ಇದೇ ಪರಂಪರೇದು. ರೇಷ್ಮೆ ದಾರಿಯ ದುನ್‌ಹುವಾಂಗ್ ಹತ್ರ ಮೊಗಾವೊ ಗುಹೆಗಳಿವೆ, ಅಲ್ಲಿ ಗೋಡೆ ಕಟ್ಟಿ ಮುಚ್ಚಿಟ್ಟಿದ್ದ ಒಂದು ಕೋಣೆ 1900ರಲ್ಲಿ ಅಲ್ಲೇ ಇದ್ದ ವಾಂಗ್ ಯುವಾನ್‌ಲು ಅನ್ನೋ ಸನ್ಯಾಸಿ ಕಣ್ಣಿಗೆ ಬಿತ್ತು, ಒಳಗೆ ಸಾವಿರಾರು ಹಸ್ತಪ್ರತಿ. 1907ರಲ್ಲಿ ಔರೆಲ್ ಸ್ಟೈನ್ ಅನ್ನೋ ಬ್ರಿಟಿಷ್ ಪುರಾತತ್ವ ಅನ್ವೇಷಕ ಬಂದು ಅದ್ರಲ್ಲಿ ಬಹಳಷ್ಟನ್ನ ಅವನ ಹತ್ರ ಕೊಂಡು ಸಾಗಿಸಿದ್ರು, ನಕ್ಷೆ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿದೆ. ಅಷ್ಟು ಅಮೂಲ್ಯವಾದದ್ದು ಹುಟ್ಟಿದ ಜಾಗದಿಂದ ಹೀಗೆ ಹೋಗಿದ್ದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಸುಮಾರು ನಾಲ್ಕು ಮೀಟರ್ ಉದ್ದದ ಕಾಗದದ ಸುರುಳಿ, 1300ಕ್ಕೂ ಹೆಚ್ಚು ನಕ್ಷತ್ರ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಾಲ 649ರಿಂದ 684ರ ನಡುವೆ. ತಿಂಗಳಿಗೊಂದರ ಹಾಗೆ ಹನ್ನೆರಡು ನಕ್ಷೆ, ಕೊನೇಲಿ ಧ್ರುವದ ಸುತ್ತಲಿನದು ದುಂಡಗೆ. ಚುಕ್ಕೆಗಳನ್ನ ಜೂಮ್ ಮಾಡಿ ನೋಡಿ: ಕೆಂಪು ಶಿ ಶೆನ್, ಕಪ್ಪು ಗಾನ್ ದ, ಬಿಳಿ ಅಥವಾ ಹಳದಿ ವು ಶಿಯನ್. ಸಾವಿರ ವರ್ಷ ಆದ್ಮೇಲೂ ಯಾರೋ ಹೆಸರು ಗೊತ್ತಿಲ್ಲದ ಲಿಪಿಕಾರ ಕುಂಚ ಹಿಡಿದು ಮೂವರನ್ನೂ ಬೇರೆ ಬೇರೆ ಬಣ್ಣದಲ್ಲಿ ನೆನೆಸ್ತಿದಾನೆ. ಮೊದಲ ಸಲ ನೋಡಿದಾಗ ನನ್ನ ಕಣ್ಣು ಒದ್ದೆ ಆಗಿತ್ತು. ಅಂತರರಾಷ್ಟ್ರೀಯ ದುನ್‌ಹುವಾಂಗ್ ಯೋಜನೆಯ ಸೈಟಲ್ಲಿ ಫ್ರೀಯಾಗಿ ಸಿಗತ್ತೆ.

ಕಲ್ಲಲ್ಲಿ ಕೆತ್ತಿದ್ದು ಬೇಕಂದ್ರೆ ಸುಜೌನಲ್ಲಿದೆ, 1247ರದು, 1434 ನಕ್ಷತ್ರ.

ಇದ್ರಿಂದ ಇವತ್ತಿನ ವಿಜ್ಞಾನಕ್ಕೆ ಏನು ಉಪಯೋಗ?

ಹಾಜರಿ ಪುಸ್ತಕ ಅಂದ್ನಲ್ಲ, ಅದು ಕೆಲಸಕ್ಕೆ ಬಂದಿದ್ದು 1054ರ ಜುಲೈ 4ಕ್ಕೆ. ಸೊಂಗ್ ರಾಜಧಾನಿ ಕೈಫೆಂಗ್‌ನಲ್ಲಿ ತಿಯನ್‌ಗುವಾನ್ ಅನ್ನೋ ನಕ್ಷತ್ರದ ಹತ್ರ ಅತಿಥಿ ನಕ್ಷತ್ರ ಕಾಣಿಸ್ತು ಅಂತ ಬರೆದಿಟ್ರು, ಅಲ್ಲೇನೂ ಇರ್ಲಿಲ್ಲ ಅಂತ ಪಟ್ಟಿ ಹೇಳ್ತಿತ್ತು. 23 ದಿನ ಹಗಲಲ್ಲೂ ಕಂಡಿದೆ, 1056ರ ಏಪ್ರಿಲ್‌ವರೆಗೂ ರಾತ್ರಿ ಕಂಡಿದೆ. ಇವತ್ತು ಅದೇ ಜಾಗದಲ್ಲಿ ವೃಷಭ ರಾಶಿಯ ಏಡಿ ನೀಹಾರಿಕೆ ಇದೆ, ಸಿಡಿದ ನಕ್ಷತ್ರದ ಅವಶೇಷ, ನಡುವೆ ಸೆಕೆಂಡಿಗೆ ಸುಮಾರು 30 ಸಲ ಸುತ್ತೋ ಪಲ್ಸಾರ್, ಅಂದ್ರೆ ಸಿಡಿದ ಮೇಲೆ ಉಳಿದ ನಕ್ಷತ್ರದ ಪುಟ್ಟ ತಿರುಳು. ಆ ನೀಹಾರಿಕೆಯ ವಯಸ್ಸನ್ನ ದಿನಾಂಕ ಸಮೇತ ಹೇಳೋಕಾಗೋದು ಈ ದಾಖಲೆಯಿಂದ. ಕ್ರಿ.ಶ. 185ರ ಅತಿಥಿ ನಕ್ಷತ್ರದ ದಾಖಲೇನೂ ಹೀಗೇ ಉಪಯೋಗಕ್ಕೆ ಬಂದಿದೆ.

ತಿಯನ್‌ಗುವಾನ್ ಅನ್ನೋ ಹೆಸರನ್ನ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2017ರಲ್ಲಿ ಆ ನಕ್ಷತ್ರದ ಅಧಿಕೃತ ಹೆಸರಾಗಿ ಒಪ್ಪಿದೆ. ಅದೇ ವರ್ಷ ನಮ್ಮ ಭರಣಿ, ರೇವತಿ ಕೂಡ ಆ ಪಟ್ಟಿಗೆ ಸೇರಿದ್ವು. ಚಂದ್ರನ ಹಿಂಬದಿಯ ಒಂದು ಕುಳಿಗೆ ಶಿ ಶೆನ್ ಹೆಸರಿದೆ.

ನಮ್ಮ ಊರಿಂದ ಇದನ್ನೆಲ್ಲ ನೋಡೋಕೆ ಶುರು ಮಾಡೋದು ಹೇಗೆ?

ಸ್ಟೆಲೇರಿಯಮ್ ಅನ್ನೋ ಆಕಾಶ ತೋರಿಸೋ ಆ್ಯಪ್ ಹಾಕ್ಕೊಳ್ಳಿ, ಫ್ರೀ ಇದೆ, ಸೆಟ್ಟಿಂಗಲ್ಲಿ ಆಕಾಶ ಸಂಸ್ಕೃತಿ ಅನ್ನೋ ಕಡೆ ಚೀನೀ ಆರಿಸಿದ್ರೆ ಗೆರೆಗಳೆಲ್ಲ ಬದಲಾಗತ್ತೆ. ಮೊದಲು ನಮಗೆ ಗೊತ್ತಿರೋ ಚಿತ್ತೆ, ಕೃತ್ತಿಕೆ, ಜ್ಯೇಷ್ಠೆ ಹುಡುಕಿ, ಅಲ್ಲಿಂದ ಮನೆಗಳನ್ನ ಎಣಿಸ್ತಾ ಹೋಗಿ. ತಾರೀಖು ಕ್ರಿ.ಪೂ. 350ಕ್ಕೆ ಇಟ್ಟು ಉತ್ತರಕ್ಕೆ ತಿರುಗಿಸಿ ನೋಡಿ, ನಮ್ಮ ಧ್ರುವ ನಕ್ಷತ್ರ ಧ್ರುವದಿಂದ 12 ಡಿಗ್ರಿಗಿಂತ ಜಾಸ್ತಿ ದೂರದಲ್ಲಿ ಸುತ್ತು ಹಾಕ್ತಿರತ್ತೆ, ಶಿ ಶೆನ್‌ಗೆ ಅಳೆಯೋಕೆ ಸರಿಯಾದ ಧ್ರುವ ನಕ್ಷತ್ರಾನೇ ಇರ್ಲಿಲ್ಲ.

ಇನ್ನೊಂದು, ಇದಕ್ಕೆ ಆ್ಯಪ್ ಬೇಡ. ಫೆಬ್ರವರಿಯಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತ್ಕೊಳ್ಳಿ, ಲುಬ್ಧಕದ ಕೆಳಗೆ ಒಂಟಿಯಾಗಿ ಹೊಳೆಯೋದು ಅಗಸ್ತ್ಯ. ಚೀನಾದಲ್ಲಿ ಅದಕ್ಕೆ ದಕ್ಷಿಣದ ಮುದುಕ ಅಂತ ಹೆಸರು, ಕಂಡ್ರೆ ದೇಶಕ್ಕೆ ನೆಮ್ಮದಿ, ನೋಡಿದೋರಿಗೆ ಆಯಸ್ಸು ಅನ್ನೋ ನಂಬಿಕೆ. ಚಾಂಗ್‌ಆನ್, ಲುವೊಯಾಂಗ್‌ನಲ್ಲಿ ಅದು ದಿಗಂತದಿಂದ ಮೂರು ಡಿಗ್ರಿ ಅಷ್ಟೇ ಮೇಲೆ ಬರೋದು, ಒಂದು ಗುಡ್ಡ ಅಡ್ಡ ಇದ್ರೂ ಆ ವರ್ಷ ಸಿಗಲ್ಲ. ಬೆಂಗಳೂರಲ್ಲಿ 24 ಡಿಗ್ರಿ ಎತ್ತರದಲ್ಲಿ, ತೆಂಗಿನ ಮರದ ಮೇಲೇ ಕೂತಿರತ್ತೆ.